ಕಾಲು ಮೊದಲು, ಬ್ಯಾಟ್ ಆಮೇಲೆ: ಸಾಫ್ಟ್‌ಬಾಲ್ ಮಕ್ಕಳಿಗೆ ಬ್ಯಾಟಿಂಗ್ ಪಾಠ

ಮೈಸೂರು, ಮಂಡ್ಯದ ಕಡೆ ಸಾಫ್ಟ್‌ಬಾಲ್ ಕಲಿಯಲು ಬರುವ ಹೆಚ್ಚಿನ ಮಕ್ಕಳು ಮೊದಲು ಬ್ಯಾಟ್ ಹಿಡಿದಿರುವುದು ಗಲ್ಲಿ ಕ್ರಿಕೆಟ್‌ನಲ್ಲಿ. ಚೆಂಡು ನೆಲಕ್ಕೆ ಬಿದ್ದು ಏಳುವ ತನಕ ಕಾಯುವುದು ಅವರಿಗೆ ರೂಢಿ. ಇಲ್ಲಿ ಚೆಂಡು ನೆಲ ಮುಟ್ಟುವುದೇ ಇಲ್ಲ. ಚೆಂಡು ಎಸೆಯುವ ಪಿಚರ್ ಕೈಯನ್ನು ಗಿರ್ರನೆ ಒಂದು ಸುತ್ತು ತಿರುಗಿಸಿ ಸೊಂಟದ ಪಕ್ಕದಿಂದ ಬಿಟ್ಟರೆ ಸೀದಾ ಬ್ಯಾಟರ್ ಹಿಂದೆ ಕೂತ ಕ್ಯಾಚರ್ ಗ್ಲೌಸಿಗೆ. ಬ್ಯಾಟ್ ಹಿಡಿದವಳು ಇನ್ನೂ ಕಾಯುತ್ತಲೇ ಇರುತ್ತಾಳೆ.

ಆಗ ಗೆರೆಯಾಚೆ ನಿಂತ ಅಪ್ಪಂದಿರದ್ದು, ಪಿ.ಟಿ. ಮೇಷ್ಟ್ರದ್ದು ಒಂದೇ ಕೂಗು: ‘ಬೇಗ ಬೀಸವ್ವಾ!’ ಮಗು ಬೇಗ ಬೀಸುತ್ತದೆ, ಬರೀ ತೋಳಿನ ಬಲದಲ್ಲಿ. ಚೆಂಡು ತಾಗಿದರೂ ಪಿಚರ್ ಕಾಲ ಬುಡಕ್ಕೆ ಉರುಳುತ್ತದೆ, ಅಷ್ಟೇ. ನನ್ನ ಕೇಳಿದರೆ ಮೊದಲು ಆ ಕೂಗು ನಿಲ್ಲಬೇಕು. ತಡವಾಗುವುದು ಸಾಮಾನ್ಯವಾಗಿ ಕೈಯಿಂದಲ್ಲ, ಕಾಲಿನಿಂದ.

ಲೆಕ್ಕ ನೋಡಿ. ಮಹಿಳೆಯರ ಪಂದ್ಯದಲ್ಲಿ ಪಿಚರ್ ನಿಲ್ಲುವ ಪಟ್ಟಿಯಿಂದ ಹೋಮ್ ಪ್ಲೇಟ್‌ಗೆ (ಬ್ಯಾಟರ್ ಪಕ್ಕದಲ್ಲಿ ನೆಲಕ್ಕೆ ಹಾಕಿದ ಹಲಗೆ) 43 ಅಡಿ, ಪುರುಷರ ಪಂದ್ಯದಲ್ಲಿ 46. ಚಿಕ್ಕ ಮಕ್ಕಳಿಗೆ ಇನ್ನೂ ಹತ್ತಿರ ಇಡುತ್ತಾರೆ. ಪಿಚರ್ ದೊಡ್ಡ ಹೆಜ್ಜೆ ಮುಂದಿಟ್ಟು ಚೆಂಡು ಬಿಡುವುದರಿಂದ 43 ಅಡಿಯಲ್ಲಿ ಚೆಂಡು ನಿಜಕ್ಕೂ ಸಾಗುವುದು ಸುಮಾರು 38 ಅಡಿ. ಗಂಟೆಗೆ 75 ಕಿ.ಮೀ. ವೇಗದ ಎಸೆತಕ್ಕೆ ಅದು ಅರ್ಧ ಸೆಕೆಂಡಿಗಿಂತ ಚೂರೇ ಚೂರು ಜಾಸ್ತಿ. ಅಷ್ಟರಲ್ಲಿ ಚೆಂಡನ್ನೂ ನೋಡು, ಹೊಡೆಯಬೇಕೋ ಬಿಡಬೇಕೋ ತೀರ್ಮಾನಿಸು, ಕಾಲೂ ಎತ್ತಿಡು, ಬ್ಯಾಟೂ ಬೀಸು ಅಂದರೆ ಯಾರಿಂದಾಗುತ್ತೆ? ಕಾಲಿನ ಕೆಲಸ ಚೆಂಡು ಬರುವ ಮುಂಚೆಯೇ ಮುಗಿದಿರಬೇಕು.

ಬ್ಯಾಟ್, ಹಿಡಿತ, ನಿಲುವು

ಶಾಲೆಯ ಕಿಟ್‌ನಲ್ಲಿ ಸಿಗುವುದು ಬಹುಪಾಲು ದೊಡ್ಡವರ ಬ್ಯಾಟ್. ನಿಯಮದಲ್ಲಿ ಬ್ಯಾಟಿನ ಉದ್ದ 34 ಇಂಚಿನವರೆಗೆ ಇರಬಹುದು ಅಂತ ಹನ್ನೊಂದು ವರ್ಷದ ಹುಡುಗಿಗೂ ಅದನ್ನೇ ಕೊಡಬೇಕಿಲ್ಲ. ಒಂದು ಸುಲಭದ ಪರೀಕ್ಷೆ ಇದೆ. ಒಂದೇ ಕೈಯಲ್ಲಿ ಬ್ಯಾಟನ್ನು ಪಕ್ಕಕ್ಕೆ ಅಡ್ಡ ಚಾಚಿ ಹಿಡಿಯಲು ಹೇಳಿ, ಇಪ್ಪತ್ತರವರೆಗೆ ಎಣಿಸಿ. ಅಷ್ಟರಲ್ಲಿ ಕೈ ನಡುಗಿದರೆ, ಬ್ಯಾಟಿನ ತುದಿ ಕೆಳಗಿಳಿದರೆ, ಹಗುರವಾದದ್ದು ಬೇಕು.

ಹಿಡಿಯುವಾಗ ಬ್ಯಾಟ್ ಅಂಗೈಯೊಳಗೆ ಹೂತುಹೋಗಬಾರದು, ಬೆರಳುಗಳ ಮೇಲಿರಬೇಕು. ಬಾಗಿಲು ತಟ್ಟುವ ಗೆಣ್ಣುಗಳು ಎರಡೂ ಕೈಯಲ್ಲಿ ಹೆಚ್ಚುಕಡಿಮೆ ಒಂದೇ ಸಾಲಿಗೆ ಬರಲಿ. ಬಲಗೈ ಆಟಗಾರ್ತಿಗೆ ಎಡಗೈ ಕೆಳಗೆ, ಬಲಗೈ ಮೇಲೆ. ಪಾದಗಳು ಭುಜದ ಅಗಲಕ್ಕಿಂತ ಕೊಂಚ ಹೆಚ್ಚು ದೂರ, ಮಂಡಿ ಸ್ವಲ್ಪ ಬಾಗಿ, ಭಾರ ಎರಡೂ ಪಾದಗಳ ಮುಂಭಾಗದ ಮೇಲೆ. ಕ್ರಿಕೆಟ್ ಆಡಿದ ಮಕ್ಕಳು ಬ್ಯಾಟಿನ ತುದಿಯನ್ನು ನೆಲಕ್ಕೆ ಕುಟ್ಟುತ್ತಾ ನಿಲ್ಲುತ್ತಾರೆ. ಅದನ್ನು ಬಿಡಿಸಿ. ಕೈಗಳು ಹಿಂದಿನ ಭುಜದ ಹತ್ತಿರ ಇರಲಿ.

ಟೈಮಿಂಗ್ ಇರುವುದು ಇಲ್ಲಿ

ಪಿಚರ್‌ನ ಕೈ ಮೇಲೇರಲು ಶುರುವಾದಾಗ ಬ್ಯಾಟರ್ ಭಾರವನ್ನು ಹಿಂಗಾಲಿಗೆ ತೆಗೆದುಕೊಳ್ಳಬೇಕು. ಕೈಗಳೂ ಒಂದೆರಡು ಇಂಚು ಹಿಂದೆ ಹೋಗುತ್ತವೆ. ಪಿಚರ್‌ನ ಕೈ ತಲೆಯ ಮೇಲಿಂದ ಕೆಳಗಿಳಿಯುವಾಗ ಮುಂಗಾಲು ಚಿಕ್ಕ ಹೆಜ್ಜೆ ಹಾಕಬೇಕು. ಚೆಂಡು ಸೊಂಟದ ಪಕ್ಕದಿಂದ ಹೊರಡುವಷ್ಟರಲ್ಲಿ ಆ ಪಾದ ನೆಲದಲ್ಲಿರಬೇಕು. ಭಾರ ಮಾತ್ರ ಇನ್ನೂ ಹಿಂದೆಯೇ. ಕಾಲು ಇಟ್ಟ ಕೂಡಲೇ ಮೈಯೂ ಮುಂದಕ್ಕೆ ಬಂದುಬಿಟ್ಟರೆ ನಿಧಾನದ ಎಸೆತಕ್ಕೆ ಸಿಕ್ಕಿಬೀಳುತ್ತಾಳೆ.

ಹೆಜ್ಜೆ ನಾಲ್ಕಾರು ಇಂಚಿಗಿಂತ ದೊಡ್ಡದು ಬೇಡ, ಮೆತ್ತಗೆ ಇರಲಿ. ಹತ್ತು ಬಾರಿ ಬೀಸಿಸಿ, ಆಮೇಲೆ ಮಗುವನ್ನು ಪಕ್ಕಕ್ಕೆ ಸರಿಸಿ ಮಣ್ಣು ನೋಡಿ. ಮುಂಗಾಲಿನ ಗುರುತುಗಳು ಒಂದರ ಮೇಲೊಂದು ಬಿದ್ದಿದ್ದರೆ ಒಳ್ಳೆಯದು. ಒಂದು ಪ್ಲೇಟ್ ಕಡೆಗೆ, ಒಂದು ಆಚೆಗೆ, ಒಂದು ಮಾರುದ್ದ ಅಂತ ಚೆದುರಿದ್ದರೆ ಪ್ರತಿ ಸಲವೂ ಬೇರೆ ಬೇರೆ ಸ್ವಿಂಗ್ ಆಗಿದೆ ಅಂತಲೇ ಅರ್ಥ. ಹುಲ್ಲು, ಸಿಮೆಂಟಿನ ಮೇಲೆ ಇದು ಕಾಣುವುದಿಲ್ಲ. ಅದಕ್ಕೇ ಮಣ್ಣಿನ ಮೈದಾನ ವಾಸಿ.

ಮೊಬೈಲ್‌ನಲ್ಲೂ ನೋಡಬಹುದು. ಪಿಚರ್, ಬ್ಯಾಟರ್ ಇಬ್ಬರೂ ಕಾಣುವಂತೆ ಸ್ಲೋಮೋಷನ್‌ನಲ್ಲಿ ತೆಗೆಯಿರಿ. ಚೆಂಡು ಪಿಚರ್ ಕೈಬಿಟ್ಟ ಕ್ಷಣಕ್ಕೆ ನಿಲ್ಲಿಸಿ. ಮುಂಗಾಲು ಗಾಳಿಯಲ್ಲಿದೆಯಾ, ನೆಲದಲ್ಲಿದೆಯಾ? ಗಾಳಿಯಲ್ಲಿದ್ದರೆ ಬೇರೇನೂ ತಿದ್ದಲು ಹೋಗಬೇಡಿ. ವಾರವಿಡೀ ಅದೊಂದನ್ನೇ ಮಾಡಿಸಿ. ಬ್ಯಾಟ್ ಬೀಸದೆ, ಸುಮ್ನೆ ಪಿಚರ್ ಎಸೆತಕ್ಕೆ ಹೆಜ್ಜೆ ಹಾಕಿ ಚೆಂಡು ಬಿಡುವುದು. ಮಕ್ಕಳಿಗೆ ಇದು ಬೋರು, ಹೌದು. ಹೆಲ್ಮೆಟ್ ಹಾಕಿಸಿಯೇ ಮಾಡಿಸಿ.

ಬೀಸುವುದು

ಪಾದ ಊರಿದ ಮೇಲೆ ಮೊದಲು ತಿರುಗುವುದು ಸೊಂಟ. ಹಿಂಗಾಲಿನ ಮಂಡಿ ಒಳಕ್ಕೆ ತಿರುಗಿ ಹಿಮ್ಮಡಿ ಮೇಲೇಳುತ್ತದೆ. ಹಿಂದಿನ ಮೊಣಕೈ ಪಕ್ಕೆಗೆ ತಾಗುವಂತೆ ಇಳಿಯುತ್ತದೆ. ಬ್ಯಾಟ್ ಬರುವುದು ಎಲ್ಲಕ್ಕಿಂತ ಕೊನೆಗೆ. ಕೆರೆ ನೀರಿನ ಮೇಲೆ ಚಪ್ಪಟೆ ಕಲ್ಲು ಹಾರಿಸುವಾಗ ಮೊಣಕೈ ಹೇಗೆ ಮುಂದೆ ನುಗ್ಗಿ ಕೈ ಹಿಂದಿನಿಂದ ಬರುತ್ತದೋ, ಇದೂ ಹಾಗೇ. ನಾಲೆ ದಂಡೆಯಲ್ಲಿ ಬೆಳೆದ ಮಂಡ್ಯದ ಮಕ್ಕಳಿಗೆ ಇಷ್ಟು ಹೇಳಿದರೆ ಸಾಕು.

ಚೆಂಡು ತಾಗುವಾಗ ಮೇಲಿನ ಕೈಯ ಅಂಗೈ ಆಕಾಶಕ್ಕೆ, ಕೆಳಗಿನ ಕೈಯದು ನೆಲಕ್ಕೆ ಮುಖ ಮಾಡಿರಬೇಕು. ತಾಗುವ ಮುಂಚೆಯೇ ಮಣಿಕಟ್ಟು ಮಗುಚಿದರೆ ಚೆಂಡು ನೆಲಕ್ಕೆ ಉರುಳುತ್ತದೆ. ಪ್ಲೇಟಿನ ನಡುವೆ ಬರುವ ಚೆಂಡನ್ನು ಮುಂಗಾಲಿಗಿಂತ ತುಸು ಮುಂದೆ ಹಿಡಿಯಬೇಕು. ಮೈ ಹತ್ತಿರ ಬಂದದ್ದನ್ನು ಇನ್ನೂ ಮುಂದೆ, ದೂರದಲ್ಲಿ ಬಂದದ್ದನ್ನು ಕೊಂಚ ಹಿಂದಕ್ಕೆ ಬರಲು ಬಿಟ್ಟು. ಕ್ರಿಕೆಟ್ ಬ್ಯಾಟಿನ ಅಗಲ ನಾಲ್ಕೂಕಾಲು ಇಂಚು, ಇದರ ದಪ್ಪ ಹೆಚ್ಚೆಂದರೆ ಎರಡೂಕಾಲು, ಅದೂ ಉರುಟು. ತಲೆ ಅಲ್ಲಾಡಿದರೆ ತಪ್ಪಿತು ಅಂತಲೇ ಲೆಕ್ಕ.

ಮನೆಯಲ್ಲಿ ಏನು ಮಾಡಬಹುದು?

ಟೀ, ಅಂದರೆ ಹೊಡೆಯುವ ಅಭ್ಯಾಸಕ್ಕೆ ಚೆಂಡು ಕೂರಿಸುವ ಕಂಬ, ಕೊಳ್ಳಬೇಕಿಲ್ಲ. ಹಳೇ ಪೇಂಟ್ ಬಕೆಟ್‌ಗೆ ಕಾಂಕ್ರೀಟ್ ಸುರಿದು ನಡುವೆ ಪಿ.ವಿ.ಸಿ. ಪೈಪ್ ನಿಲ್ಲಿಸಿ, ತುದಿಗೆ ರಬ್ಬರ್ ಪೈಪಿನ ತುಂಡು ಸಿಕ್ಕಿಸಿದರೆ ಚೆಂಡು ಕೂರುತ್ತದೆ. ಎತ್ತರ ಮಗುವಿನ ಸೊಂಟದಷ್ಟಿರಲಿ. ಕಾಲುಚೀಲ ಸುತ್ತಿ ಮಾಡಿದ ಚೆಂಡಾದರೆ ಕಿಟಕಿ ಗಾಜಿಗೂ ಅಪಾಯವಿಲ್ಲ, ಪಕ್ಕದ ಮನೆಯವರ ಜೊತೆ ಜಗಳವೂ ಇಲ್ಲ.

ಟೀ ಸ್ವಿಂಗ್ ತಿದ್ದುತ್ತದೆ, ಟೈಮಿಂಗ್ ಕಲಿಸುವುದಿಲ್ಲ. ಅದಕ್ಕೆ ಎಸೆಯುವವರು ಬೇಕು. ನಾಲ್ಕೈದು ಮೀಟರ್ ದೂರದಲ್ಲಿ, ಮುಂದೆ ಬಲೆ ಕಟ್ಟಿಕೊಂಡು, ಕೆಳಗೈಯಲ್ಲಿ ಎಸೆಯಿರಿ. ಕಾಲುಚೀಲದ ಚೆಂಡಾದರೆ ಬಲೆ ಬೇಡ. ಎಸೆಯುವ ಮುಂಚೆ ಕೈಯನ್ನು ಹಿಂದಕ್ಕೆ ಒಯ್ಯುವುದನ್ನು ಮರೆಯಬೇಡಿ. ಅದನ್ನು ನೋಡಿಯೇ ಮಗು ಹೆಜ್ಜೆ ಶುರುಮಾಡಬೇಕು. ಒಂದು ಜೋರು, ಎರಡು ನಿಧಾನ, ಮತ್ತೊಂದು ಜೋರು, ಹೀಗೆ ಬದಲಿಸುತ್ತಾ ಹೋಗಿ. ಪ್ರತಿ ಚೆಂಡಿಗೂ ಮಗು ಮನಸ್ಸಲ್ಲೇ ‘ಹೊಡಿ, ಹೊಡಿ’ ಅಂದುಕೊಂಡೇ ಹೊರಡಲಿ, ಕೆಟ್ಟ ಚೆಂಡಾದರೆ ಕೊನೆಗೆ ‘ಬಿಡು’ ಅನ್ನಲಿ. ‘ನೋಡೋಣ’ ಅಂತ ಶುರುಮಾಡಿದವರು ಯಾವಾಗಲೂ ತಡ.

ಚಿಕ್ಕ ಮಕ್ಕಳಿಗೆ ಒಂದು ದಿನಕ್ಕೆ ಐವತ್ತು, ಅರವತ್ತು ಸ್ವಿಂಗ್ ಸಾಕು. ಸುಸ್ತಾದ ಮೇಲೆ ಬೀಸಿದರೆ ತಪ್ಪೇ ರೂಢಿಯಾಗುತ್ತದೆ.

ಫೌಲ್ ಚೆಂಡು ಹೇಳುವುದೇನು?

ಪಂದ್ಯದಲ್ಲಿ ಫೌಲ್ ಆದಾಗ, ಅಂದರೆ ಹೊಡೆದ ಚೆಂಡು ಆಟದ ಗೆರೆಗಳಾಚೆ ಹೋದಾಗ, ಬೈಯಬೇಡಿ, ಚೆಂಡು ಎತ್ತ ಹೋಯಿತು ನೋಡಿ. ಬಲಗೈ ಬ್ಯಾಟರ್ ಹೊಡೆದದ್ದು ಬಲಕ್ಕಿರುವ ಒಂದನೇ ಬೇಸ್ ಕಡೆಯ ಗೆರೆ ದಾಟಿದರೆ ತಡವಾಯಿತು: ‘ಕಾಲು ಇನ್ನೊಂಚೂರು ಬೇಗ ಇಡು ಪುಟ್ಟಾ’ ಅನ್ನಿ. ಎಡಕ್ಕಿರುವ ಮೂರನೇ ಬೇಸ್ ಕಡೆ ಹೋದರೆ ಆತುರವಾಯಿತು: ‘ಹಿಂಗಾಲಲ್ಲೇ ಇರು.’ ಸೀದಾ ಹಿಂದಕ್ಕೆ, ಕ್ಯಾಚರ್ ತಲೆಯ ಮೇಲಿಂದ ಹೋದರೆ ಟೈಮಿಂಗ್ ಸರಿಯಾಗಿಯೇ ಇದೆ, ಬ್ಯಾಟ್ ಕೂದಲೆಳೆಯಷ್ಟು ಕೆಳಗೆ ಬಂದಿದೆ. ಅದಕ್ಕೆ ಏನೂ ಹೇಳದಿರುವುದೇ ಲೇಸು.

ಎರಡು ಸ್ಟ್ರೈಕ್ (ಬ್ಯಾಟರ್ ವಿರುದ್ಧ ಎಣಿಸುವ ಎಸೆತ, ಮೂರಾದರೆ ಔಟ್) ಆದ ಮೇಲೆ ಕೈಯನ್ನು ಬ್ಯಾಟಿನ ಹಿಡಿಕೆಯಲ್ಲಿ ಒಂದಿಂಚು ಮೇಲಕ್ಕೆ ತೆಗೆದುಕೊಂಡು, ಹೆಜ್ಜೆಯನ್ನು ಇನ್ನೂ ಚಿಕ್ಕದು ಮಾಡಲಿ. ಸ್ಟ್ರೈಕ್ ಜೋನ್, ಅಂದರೆ ಬಿಟ್ಟರೂ ಸ್ಟ್ರೈಕ್ ಅನ್ನಿಸಿಕೊಳ್ಳುವ ಜಾಗ, ಮಂಡಿಯ ಮೇಲ್ತುದಿಯಿಂದ ಕಂಕುಳವರೆಗೆ, 17 ಇಂಚು ಅಗಲದ ಪ್ಲೇಟಿನ ಮೇಲೆ. ಅದರ ಅಂಚಿನಲ್ಲಿ ಬಂದದ್ದನ್ನು ಬಿಟ್ಟರೆ ಅಂಪೈರ್ ಕೈಗೆ ಬಿಟ್ಟಂತೆ. ಅಂಥದ್ದಕ್ಕೆ ಬ್ಯಾಟ್ ತಾಗಿಸಿ ಫೌಲ್ ಮಾಡಿದರೂ ಪರವಾಗಿಲ್ಲ, ಇನ್ನೊಂದು ಎಸೆತ ಸಿಗುತ್ತದೆ. ಬಂಟ್ ಮಾಡಲು, ಅಂದರೆ ಬೀಸದೆ ಬ್ಯಾಟ್ ಒಡ್ಡಿ ಚೆಂಡನ್ನು ಮೆಲ್ಲಗೆ ಉರುಳಿಸಲು, ಹೋಗಿ ಫೌಲ್ ಆದರೆ ಮಾತ್ರ ಆಗ ಔಟ್. ಇದನ್ನು ಮಗುವಿಗೆ ಪಂದ್ಯಕ್ಕೆ ಮುಂಚೆಯೇ ಹೇಳಿರಿ.