ರಾತ್ರಿ ಮಿಕ್ಕಿದ ಅನ್ನ, ಬೆಳಗಿನ ಚಿತ್ರಾನ್ನ

ನಮ್ಮ ಮನೆಯಲ್ಲಿ ರಾತ್ರಿ ಅನ್ನ ಮಿಕ್ಕಿತೆಂದರೆ ಬೆಳಿಗ್ಗೆ ಚಿತ್ರಾನ್ನ ಎಂದೇ ಲೆಕ್ಕ. ಕುಕ್ಕರ್ ಮುಚ್ಚಿ ಕಟ್ಟೆಯ ಮೇಲೆ ಬಿಟ್ಟು ಮಲಗುವುದು, ಎದ್ದು ಒಗ್ಗರಣೆ ಹಾಕುವುದು. ಎಷ್ಟೋ ವರ್ಷ ಹೀಗೇ ನಡೆಯಿತು.

ಎರಡು ವರ್ಷದ ಹಿಂದೆ, ಏಪ್ರಿಲ್ ಸೆಕೆಯಲ್ಲಿ, ಎಂಟು ಗಂಟೆಗೆ ತಿಂದ ಚಿತ್ರಾನ್ನ ಹತ್ತೂವರೆಗೆಲ್ಲ ವಾಂತಿಯಾಯಿತು. ನನಗೂ, ಮಗನಿಗೂ. ಅವತ್ತು ಏಕಾದಶಿ ಅಂತ ಅತ್ತೆ ಅನ್ನ ಮುಟ್ಟಿರಲಿಲ್ಲ, ಅವರು ಆರಾಮವಾಗಿದ್ದರು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೇ, "ಅನ್ನ ರಾತ್ರಿಯದಾ?"

ಅನ್ನ ಹಳಸಿರಲಿಲ್ಲ, ವಾಸನೆಯೂ ಇರಲಿಲ್ಲ. ಬಾಣಲೆಯಲ್ಲಿ ಚೆನ್ನಾಗಿ ಬಿಸಿ ಮಾಡಿದ್ದೆ ಬೇರೆ. ಆದರೆ ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು, ಅನ್ನ ಕುದಿದರೂ ಅವು ಸಾಯುವುದಿಲ್ಲ. ಬೆಚ್ಚಗೆ ಬಿಟ್ಟ ಅನ್ನದಲ್ಲಿ ಮೊಳೆತು, ಹೆಚ್ಚಿ, ವಿಷ ಬಿಡುತ್ತವೆ. ಆ ವಿಷ ಒಮ್ಮೆ ಸೇರಿತೋ, ಆಮೇಲೆ ಎಷ್ಟು ಹುರಿದರೂ ಹೋಗುವುದಿಲ್ಲ. ನಿಂಬೆಹಣ್ಣು ಹಿಂಡಿದರೂ ಅಷ್ಟೇ. ಮುಚ್ಚಿಟ್ಟ ಕುಕ್ಕರಿನ ನಡುವಿನ ಅನ್ನ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದಲ್ಲ, ತೊಂದರೆ ಇದ್ದದ್ದು ಅಲ್ಲೇ.

"ನಾವು ತಂಗಳನ್ನ ತಿಂದೇ ಬೆಳೆದವರು ಕಣಮ್ಮ," ಅಂದರು ಅತ್ತೆ. ನಿಜ. ಆದರೆ ಅವರು ನೀರು ಹಾಕಿ ಹುಳಿ ಬರಿಸುತ್ತಿದ್ದರು. ಹುಳಿಯಲ್ಲಿ ಈ ಬ್ಯಾಕ್ಟೀರಿಯಾ ಅಷ್ಟು ಸುಲಭಕ್ಕೆ ಬೆಳೆಯುವುದಿಲ್ಲ. ನಾನು ಸುಮ್ನೆ ಮುಚ್ಚಿಟ್ಟಿದ್ದೆ.

ಈಗ ಊಟ ಮುಗಿದ ತಕ್ಷಣ ಮಿಕ್ಕ ಅನ್ನವನ್ನು ಅಗಲವಾದ ಸ್ಟೀಲ್ ತಟ್ಟೆಗೆ ತೆಳ್ಳಗೆ ಹರಡುತ್ತೇನೆ. ಫ್ಯಾನಿನ ಕೆಳಗೆ ಇಪ್ಪತ್ತು ನಿಮಿಷಕ್ಕೆ ಬಿಸಿ ಆರುತ್ತದೆ. ಆಮೇಲೆ ಎರಡು ಚಿಕ್ಕ ಡಬ್ಬಿಗೆ ತುಂಬಿ ಫ್ರಿಜ್ಜಿಗೆ. ಒಂದೇ ದೊಡ್ಡ ಡಬ್ಬಿಯಾದರೆ ನಡುವೆ ತಣ್ಣಗಾಗಲು ತುಂಬಾ ಹೊತ್ತು ಬೇಕು. ಅನ್ನ ಇಳಿಸಿ ಎರಡು ಗಂಟೆಯೊಳಗೆ ಇಷ್ಟೂ ಆಗಬೇಕು, ಸೆಕೆಗಾಲದಲ್ಲಿ ಒಂದೇ ಗಂಟೆ. ಬೆಳಿಗ್ಗೆ ಬೇಕಾದಷ್ಟನ್ನೇ ತೆಗೆದು ಹಬೆಯಾಡುವಷ್ಟು ಬಿಸಿ ಮಾಡುತ್ತೇನೆ. ಅದರಲ್ಲಿ ಮಿಕ್ಕಿದ್ದು ಮತ್ತೆ ಫ್ರಿಜ್ಜಿಗೆ ಹೋಗುವುದಿಲ್ಲ.

ಫ್ರಿಜ್ಜನ್ನು ನಂಬಿದ್ದೂ ತಪ್ಪೇ. ಒಂದು ಸಣ್ಣ ಥರ್ಮಾಮೀಟರ್ ಒಳಗಿಟ್ಟು ನೋಡಿದರೆ 9 ಡಿಗ್ರಿ! 5ರ ಒಳಗಿರಬೇಕಿತ್ತು. ಕಿಕ್ಕಿರಿದು ತುಂಬಿದ್ದ ಸೊಪ್ಪು, ಹಳೆಯ ಉಪ್ಪಿನಕಾಯಿ ಬಾಟಲಿ ತೆಗೆದು, ತಿರುಗಣೆ ಒಂದು ಅಂಕಿ ಮೇಲೆ ಮಾಡಿದ ಮೇಲೆ 4ಕ್ಕೆ ಬಂತು.

ಅತ್ತೆ ಈ ತಟ್ಟೆ, ಫ್ಯಾನು ಯಾವುದನ್ನೂ ಒಪ್ಪಲಿಲ್ಲ. ರಾತ್ರಿ ಅಕ್ಕಿ ಅಳೆಯುವ ಕೆಲಸ ಮಾತ್ರ ತಾವೇ ತೆಗೆದುಕೊಂಡರು. ಎರಡು ಪಾವು ಹೋಗಿ ಒಂದೂವರೆಯಾಗಿದೆ. ಚಿತ್ರಾನ್ನ ಬೇಕಾದ ದಿನ ಬೆಳಿಗ್ಗೆಯೇ ಕುಕ್ಕರ್ ಕೂಗುತ್ತದೆ.