ದಕ್ಷಿಣ ಮಹಾಸಾಗರದಲ್ಲಿ ಇಳಿಯುವ ಇಂಗಾಲವನ್ನು ನಾನು ಅಳೆದ ಬಗೆ

ಅಂಟಾರ್ಕ್ಟಿಕಾ ಸುತ್ತಲಿನ ಕಡಲು ಬೇಸಿಗೆಯಲ್ಲಿ ಹಸಿರಾಗಿರುವ ಉಪಗ್ರಹ ಚಿತ್ರ ನೋಡಿದವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಇಷ್ಟೊಂದು ಪ್ಲವಕ, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯ, ಬೆಳೆದಿದೆ ಅಂದಮೇಲೆ ಅಷ್ಟೂ ಇಂಗಾಲ ಕಡಲ ತಳ ಸೇರಿತಲ್ಲವೇ? ಸೇರುವುದಿಲ್ಲ. ಬೆಳೆದದ್ದರಲ್ಲಿ ಬಹುಪಾಲನ್ನು ಮೇಲಿನ ನೂರಿನ್ನೂರು ಮೀಟರಿನಲ್ಲೇ ಯಾರಾದರೂ ತಿಂದು ಮುಗಿಸುತ್ತಾರೆ, ಇಲ್ಲವೇ ಅದು ಅಲ್ಲೇ ಕೊಳೆತು ಮತ್ತೆ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ತಪ್ಪಿಸಿಕೊಂಡು ಇಳಿಯುವುದು ಚಿಕ್ಕ ಪಾಲು. ಆ ಚಿಕ್ಕ ಪಾಲೇ ಜಗತ್ತಿನ ಸಾಗರಗಳಲ್ಲೆಲ್ಲ ಸೇರಿ ವರ್ಷಕ್ಕೆ ಸುಮಾರು 1000 ಕೋಟಿ ಟನ್ ಇಂಗಾಲವಾಗುತ್ತದೆಂಬ ಅಂದಾಜಿದೆ. ಬೆಳೆದದ್ದು ಆಕಾಶದಿಂದ ಕಾಣುತ್ತದೆ, ಇಳಿದದ್ದು ಕಾಣುವುದಿಲ್ಲ. ಅದನ್ನು ಅಳೆಯುವುದು ನನ್ನ ಕೆಲಸ.

ನಾನು ನೆಚ್ಚಿಕೊಂಡದ್ದು ಥೋರಿಯಂ-234 ವಿಧಾನವನ್ನು. ಸಮುದ್ರದ ನೀರಿನಲ್ಲಿ ಯುರೇನಿಯಂ-238 ಕರಗಿಯೇ ಇರುತ್ತದೆ. ಉಪ್ಪಿನಂಶ ಗೊತ್ತಾದರೆ ಅದು ಎಷ್ಟಿದೆಯೆಂದು ಲೆಕ್ಕ ಹಾಕಬಹುದು. ಅದರಿಂದ ಹುಟ್ಟುವ ಥೋರಿಯಂ ಮಾತ್ರ ನೀರಿನಲ್ಲಿ ನಿಲ್ಲದೆ ಸಿಕ್ಕ ಕಣಕ್ಕೆ ಅಂಟಿಕೊಳ್ಳುತ್ತದೆ. ಅದರ ಅರ್ಧಾಯು, ಅಂದರೆ ಇದ್ದದ್ದರಲ್ಲಿ ಅರ್ಧ ಕ್ಷಯಿಸಲು ಹಿಡಿಯುವ ಕಾಲ, 24.1 ದಿನ. ಕಣಗಳು ಇಳಿಯದ ನೀರಿನಲ್ಲಿ ಎರಡರ ವಿಕಿರಣವೂ ಸಮನಾಗಿ, ಲೀಟರಿಗೆ ನಿಮಿಷಕ್ಕೆ ಸುಮಾರು 2.4 ವಿಘಟನೆಯಷ್ಟು ಇರುತ್ತದೆ. ಕಣಗಳು ಇಳಿದರೆ ಥೋರಿಯಂ ಅವುಗಳ ಜೊತೆ ಹೋಗಿಬಿಡುತ್ತದೆ, ಮೇಲಿನ ನೀರಿನಲ್ಲಿ ಕೊರತೆ ಬೀಳುತ್ತದೆ. ಹಡಗು ತಲುಪುವುದಕ್ಕಿಂತ ಮುಂಚಿನ ಕೆಲವು ವಾರಗಳಲ್ಲಿ ಏನು ನಡೆಯಿತೆಂಬುದನ್ನೂ ಈ ಕೊರತೆ ಹೇಳುತ್ತದೆ. ನೀರು ತೆಗೆಯಲು ಹಡಗು ನಿಲ್ಲುವ ಒಂದು ನಿಲ್ದಾಣಕ್ಕೆ ಒಂದು ದಿನವೂ ಸಿಗದ ಯಾನಗಳಲ್ಲಿ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಬೇರೆ ಬೇರೆ ಆಳದ ನೀರು ತುಂಬಿಕೊಳ್ಳುವ ಬಾಟಲಿಗಳ ಚೌಕಟ್ಟು, ರೋಸೆಟ್, ಮೇಲೆ ಬಂದ ಕೂಡಲೇ ಒಂದೊಂದು ಆಳದಿಂದ ನಾಲ್ಕು ಲೀಟರಿನಂತೆ ನೀರು ಹಿಡಿಯುತ್ತೇನೆ. ಸೋಸುವಂತಿಲ್ಲ, ಕರಗಿದ್ದೂ ಬೇಕು, ಕಣಕ್ಕೆ ಅಂಟಿದ್ದೂ ಬೇಕು. ಆಮ್ಲ ಹಾಕಿ, ಅಳತೆ ಮಾಡಿದ ಥೋರಿಯಂ-230 ಬೆರೆಸಿ ಕೆಲವು ಗಂಟೆ ಬಿಡುತ್ತೇನೆ. ನೀರಿನಲ್ಲಿದ್ದ ಥೋರಿಯಂನಲ್ಲಿ ಎಷ್ಟು ಪಾಲು ಕೈಗೆ ಬಂತು ಎಂಬುದು ಆಮೇಲೆ ಅದರಿಂದಲೇ ತಿಳಿಯುವುದು. ಅಮೋನಿಯಾ ಹಾಕಿ ಪಿಎಚ್ 8ರ ಆಸುಪಾಸಿಗೆ ತಂದು, ಪೊಟ್ಯಾಸಿಯಂ ಪರ್ಮಾಂಗನೇಟ್ ಮತ್ತು ಮ್ಯಾಂಗನೀಸ್ ಕ್ಲೋರೈಡ್ ಸೇರಿಸಿದರೆ ನೇರಳೆ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ. ಹಾಗೆ ಉಂಟಾದ ಮ್ಯಾಂಗನೀಸ್ ಡೈಆಕ್ಸೈಡ್ ಥೋರಿಯಂ ಅನ್ನು ಹಿಡಿದುಕೊಳ್ಳುತ್ತದೆ. ಅದನ್ನು 25 ಮಿ.ಮೀ. ಕ್ವಾರ್ಟ್ಜ್ ಫಿಲ್ಟರಿನ ಮೇಲೆ ಸೋಸಿ, ಒಣಗಿಸಿ, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಮತ್ತು ಅಲ್ಯೂಮಿನಿಯಂ ಫಾಯಿಲ್ ಹೊದಿಸಿ ಬೀಟಾ ವಿಕಿರಣ ಎಣಿಸುವ ಯಂತ್ರಕ್ಕಿಡಬೇಕು. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದು ಎರಡು ಮಾತು. ಸಾವಿರ ಮೀಟರಿಗಿಂತ ಕೆಳಗಿನ ನೀರನ್ನೂ ತಪ್ಪದೆ ತೆಗೆಯಿರಿ. ಅಲ್ಲಿ ಥೋರಿಯಂ, ಯುರೇನಿಯಂ ಸಮನಾಗಿರುವುದರಿಂದ ನಿಮ್ಮ ಯಂತ್ರ ಸರಿಯಿದೆಯೇ ಎಂದು ಕಡಲೇ ಹೇಳುತ್ತದೆ. ಇನ್ನು, ಮೇಲ್ಪದರ ಮುಗಿಯುವ ಜಾಗದ ಆಸುಪಾಸಿನಲ್ಲಿ ಬಾಟಲಿಗಳನ್ನು ಹತ್ತಿರ ಹತ್ತಿರ ಮುಚ್ಚಿಸಿ. ಕಥೆಯೆಲ್ಲ ಇರುವುದು ಅಲ್ಲಿಯೇ.

ಕೊರತೆ ಥೋರಿಯಂನದು, ನಮಗೆ ಬೇಕಾದದ್ದು ಇಂಗಾಲ. ಅದಕ್ಕಾಗಿ ಬ್ಯಾಟರಿಯ ಪಂಪುಗಳನ್ನು ಹಗ್ಗಕ್ಕೆ ಕಟ್ಟಿ ಇಳಿಸಿ, ಆಯಾ ಆಳದಲ್ಲೇ ನೂರಾರು ಲೀಟರ್ ನೀರನ್ನು 53 ಮೈಕ್ರಾನ್ ಬಲೆಯ ಮೂಲಕ ಹಾಯಿಸುತ್ತೇವೆ. ಬಲೆಯಲ್ಲಿ ಉಳಿದ ದೊಡ್ಡ ಕಣಗಳಲ್ಲಿ ಒಂದು ಪಾಲು ಥೋರಿಯಂಗೆ ಇಂಗಾಲ ಎಷ್ಟು ಎಂದು ನೋಡಿ, ಕೊರತೆಯಿಂದ ತಿಳಿದ ಥೋರಿಯಂ ಇಳಿತವನ್ನು ಅದರಿಂದ ಗುಣಿಸಬೇಕು. ನನಗೆ ಅತಿ ಪ್ರಿಯವಾದ ಹೊತ್ತು ಪಂಪು ಮೇಲೆ ಬಂದ ಮೇಲಿನದು. ಬಲೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಆ ಕಡಲಿನಲ್ಲಿ ಯಾರ ದರ್ಬಾರು ನಡೆದಿದೆಯೆಂದು ಗೊತ್ತಾಗಿಬಿಡುತ್ತದೆ. ಒಂದು ಕಡೆ ಸಿಲಿಕಾ ಚಿಪ್ಪಿನ ಏಕಕೋಶ ಪಾಚಿಗಳಾದ ಡಯಾಟಮ್‌ಗಳ ಸರಪಳಿ ಒಂದಕ್ಕೊಂದು ಸಿಕ್ಕಿಕೊಂಡು ಉಂಡೆಯಾಗಿರುತ್ತವೆ. ಇನ್ನೊಂದು ಕಡೆ ಬಲೆಯ ತುಂಬ ಸೀಗಡಿಯಂಥ ಕ್ರಿಲ್‌ಗಳ ದಾರದಂಥ ಹಿಕ್ಕೆ. ಒಂಟಿ ಡಯಾಟಮ್ ದಿನಕ್ಕೆ ಒಂದೆರಡು ಮೀಟರ್ ಇಳಿಯುವುದೂ ಕಷ್ಟ; ಕ್ರಿಲ್ ಹಿಕ್ಕೆ ನೂರಾರು ಮೀಟರ್ ಇಳಿಯಬಲ್ಲದು, ಲೋಳೆಯಂಥ ಪಾರದರ್ಶಕ ಮೈಯ ಸಾಲ್ಪ್‌ಗಳದು ಅದಕ್ಕಿಂತಲೂ ಬೇಗ. ಬಲೆಗೆ ಬಿದ್ದ ಜೀವಂತ ಕೋಪೆಪಾಡ್‌ಗಳನ್ನು, ಸೀಗಡಿಯ ಬಳಗದ ಆ ಪುಟ್ಟ ಜೀವಿಗಳನ್ನು, ಚಿಮುಟದಿಂದ ಒಂದೊಂದಾಗಿ ತೆಗೆಯಬೇಕು. ಅವು ಈಜುತ್ತ ಬಂದವು, ಇಳಿಯುತ್ತಿದ್ದವಲ್ಲ. ಹಡಗು ಹೊರಳುವಾಗ ಇದು ತಾಳ್ಮೆಯ ಕೆಲಸ, ಆದರೆ ಬಿಟ್ಟರೆ ಇಂಗಾಲದ ಲೆಕ್ಕ ಸುಮ್ಮನೆ ಉಬ್ಬುತ್ತದೆ.

ಯಾರ ದರ್ಬಾರು ಎಂಬುದು ಎಷ್ಟು ದೊಡ್ಡ ಮಾತು ಎನ್ನುವುದಕ್ಕೆ ಜರ್ಮನಿಯ ಪೋಲಾರ್‌ಸ್ಟರ್ನ್ ಹಡಗಿನಿಂದ ನಡೆದ ಎರಡು ಪ್ರಯೋಗಗಳು ಸಾಕ್ಷಿ. ದಕ್ಷಿಣ ಮಹಾಸಾಗರದಲ್ಲಿ ಬೇರೆ ಪೋಷಕಾಂಶ ಧಾರಾಳ, ಪ್ಲವಕ ಬೆಳೆಯಲು ಬೇಕಾದ ಕಬ್ಬಿಣ ಮಾತ್ರ ಕಡಿಮೆ. 2004ರಲ್ಲಿ ಐಫೆಕ್ಸ್ ಪ್ರಯೋಗದವರು ಒಂದು ಸುಳಿಯೊಳಗೆ ಕಬ್ಬಿಣ ಹಾಕಿದಾಗ ಡಯಾಟಮ್‌ಗಳು ಬೆಳೆದವು, ಸತ್ತಾಗ ಉಂಡೆಕಟ್ಟಿದವು, ಬೆಳೆದದ್ದರಲ್ಲಿ ಅರ್ಧಕ್ಕಿಂತ ಕಡಿಮೆಯಿಲ್ಲದಷ್ಟು 1000 ಮೀಟರಿಗಿಂತ ಕೆಳಗೆ ಹೋಯಿತು. 2009ರಲ್ಲಿ ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ಮತ್ತು ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆ ಸೇರಿ ಲೋಹಾಫೆಕ್ಸ್ ನಡೆಸಿ, 300 ಚದರ ಕಿ.ಮೀ.ಗೆ ಕಬ್ಬಿಣ ಹಾಕಿದವು. ಅಲ್ಲಿನ ನೀರಿನಲ್ಲಿ ಸಿಲಿಕಾ ಕಡಿಮೆ. ಸಿಲಿಕಾ ಇಲ್ಲದೆ ಡಯಾಟಮ್ ಚಿಪ್ಪು ಕಟ್ಟಲಾರದು. ಬಾಲವಿರುವ ಪುಟ್ಟ ಏಕಕೋಶಜೀವಿಗಳು ಬೆಳೆದವು, ಕೋಪೆಪಾಡ್‌ಗಳು ಮೇಯ್ದವು, ಇಂಗಾಲದ ಇಳಿತ ಏರಲೇ ಇಲ್ಲ. ಕಬ್ಬಿಣ ಸುರಿದು ಹವಾಮಾನ ಸರಿಮಾಡುತ್ತೇವೆ ಎನ್ನುವವರೆಲ್ಲ ಈ ಎರಡನ್ನೂ ಅಕ್ಕಪಕ್ಕ ಇಟ್ಟು ಓದಬೇಕು. ನನ್ನ ಮಟ್ಟಿಗೆ ಲೋಹಾಫೆಕ್ಸ್ ಕಲಿಸಿದ್ದು ಐಫೆಕ್ಸ್ ಕಲಿಸಿದ್ದಕ್ಕಿಂತ ಹೆಚ್ಚು.

ನೂರು ಮೀಟರಿನ ಲೆಕ್ಕದಲ್ಲೇ ನಿಲ್ಲುವಂತೆಯೂ ಇಲ್ಲ. ಪೆಸಿಫಿಕ್ ಅಳತೆಗಳಿಂದ ಜಾನ್ ಮಾರ್ಟಿನ್ ತಂಡ 1987ರಲ್ಲಿ ಕೊಟ್ಟ ಸೂತ್ರದ ಪ್ರಕಾರ, ನೂರು ಮೀಟರ್ ದಾಟಿದ್ದರಲ್ಲಿ ಸಾವಿರ ಮೀಟರ್ ತಲುಪುವುದು ಸುಮಾರು ಏಳರಲ್ಲೊಂದು ಪಾಲು. ಹಾಗಾಗಿ ಪಂಪನ್ನು ಇನ್ನೂ ಆಳಕ್ಕೂ ಇಳಿಸುತ್ತೇನೆ. ಕೆಲವು ನಿಲ್ದಾಣಗಳಲ್ಲಿ ಕೊರತೆಯ ಪದರದ ಕೆಳಗೇ ಥೋರಿಯಂ ಯುರೇನಿಯಂಗಿಂತ ಹೆಚ್ಚಾಗಿ ಸಿಗುತ್ತದೆ. ಇಳಿದ ಕಣಗಳು ಅಲ್ಲೇ ಒಡೆದು ಹೊತ್ತದ್ದನ್ನು ಬಿಟ್ಟಿವೆ ಎಂದರ್ಥ. ಆ ಇಂಗಾಲ ಚಳಿಗಾಲದಲ್ಲಿ ನೀರು ಕಲಕಿದಾಗ ಮತ್ತೆ ಮೇಲಕ್ಕೆ ಬರಬಹುದು.

ಹಡಗು ಬಂದರು ಸೇರಿದರೂ ಎಣಿಕೆ ಮುಗಿಯುವುದಿಲ್ಲ. ಅದೇ ಫಿಲ್ಟರುಗಳನ್ನು ಸುಮಾರು ಆರು ತಿಂಗಳ ನಂತರ, ಥೋರಿಯಂ-234 ಹೆಚ್ಚುಕಡಿಮೆ ಕ್ಷಯಿಸಿ ಹೋದ ಮೇಲೆ, ಮತ್ತೊಮ್ಮೆ ಎಣಿಸುತ್ತೇನೆ. ಆಗಲೂ ಬರುವ ಬೀಟಾ ಬೇರೆ ಮೂಲದ್ದು. ಅದನ್ನು ಮೊದಲ ಎಣಿಕೆಯಿಂದ ಕಳೆಯುತ್ತೇನೆ. ಥೋರಿಯಂ-230 ಎಷ್ಟು ಉಳಿದಿದೆಯೆಂದು ಅಳೆದು ತಿದ್ದುತ್ತೇನೆ. ಇಷ್ಟಾದ ಮೇಲಷ್ಟೇ ಚದರ ಮೀಟರಿಗೆ ದಿನಕ್ಕೆ ಇಷ್ಟು ಇಂಗಾಲ ಇಳಿಯಿತು ಎಂಬ ಸಂಖ್ಯೆಯನ್ನು ಸಹೋದ್ಯೋಗಿಗಳಿಗೆ ಕಳಿಸುತ್ತೇನೆ, ಪಕ್ಕದಲ್ಲಿ ಆ ನಿಲ್ದಾಣದ ಬಲೆಯ ಚಿತ್ರವನ್ನೂ ಇಟ್ಟು.