ಯೂತಿಕನ ನಿದ್ದೆ, ಬಿಳಾಮನ ಕತ್ತೆ

ಕ್ರೈಸ್ತ ವಿಶ್ವಾಸದ ಬಗ್ಗೆ ನಾನು ಬರೆಯುವ ನಗೆಗವನಗಳಿಗೆ ವಸ್ತುವನ್ನು ಹೊರಗಿನಿಂದ ತರುವುದಿಲ್ಲ. ಬೈಬಲಿನಲ್ಲೇ ಅದು ಬೇಕಾದಷ್ಟಿದೆ. ಒಂದೇ ಗಂಭೀರ ಧ್ವನಿಯಲ್ಲಿ ಓದಿ ಓದಿ ಅದು ನಮ್ಮ ಕಿವಿಗೆ ಬೀಳದಂತಾಗಿದೆ, ಅಷ್ಟೇ.

ಬೈಬಲಿನ ಹಳೆಯ ಒಡಂಬಡಿಕೆಯ ಅರಣ್ಯಕಾಂಡದ 22ನೆಯ ಅಧ್ಯಾಯ ನೋಡಿ. ದಾರಿಗೆ ಅಡ್ಡ ನಿಂತ ದೇವದೂತ ಕತ್ತೆಗೆ ಕಾಣುತ್ತಾನೆ, ಅದರ ಮೇಲೆ ಕೂತ, ದರ್ಶನಕ್ಕೆ ಹೆಸರಾದ ಬಿಳಾಮನಿಗೆ ಕಾಣುವುದಿಲ್ಲ. ಮೂರು ಸಲ ಏಟು ತಿಂದ ಕತ್ತೆ ಬಾಯಿಬಿಟ್ಟು ಮಾತನಾಡಿದಾಗ ಅವನು ಬೆಚ್ಚುವುದೂ ಇಲ್ಲ, ಅದರೊಂದಿಗೆ ವಾದಕ್ಕಿಳಿಯುತ್ತಾನೆ! ಅಪೊಸ್ತಲರ ಕೃತ್ಯಗಳು 12ರ ಪ್ರಸಂಗ ನನಗೆ ಇನ್ನೂ ಪ್ರಿಯ. ಯೇಸುವಿನ ಶಿಷ್ಯ ಪೇತ್ರ ಸೆರೆಯಲ್ಲಿದ್ದಾನೆ, ಸಭೆಯವರು ಅವನಿಗಾಗಿ ರಾತ್ರಿ ಕೂಡಿ ಪ್ರಾರ್ಥಿಸುತ್ತಿದ್ದಾರೆ. ಅವನೇ ಬಿಡುಗಡೆಯಾಗಿ ಬಂದು ಕದ ತಟ್ಟಿದರೆ, ರೋದೆ ಎಂಬ ಹುಡುಗಿ ಸಂತೋಷದಲ್ಲಿ ಬಾಗಿಲು ತೆರೆಯುವುದನ್ನೇ ಮರೆತು ಒಳಗೆ ಓಡುತ್ತಾಳೆ. ಒಳಗಿನವರು ನಿನಗೆ ಹುಚ್ಚು ಹಿಡಿದಿದೆ ಎನ್ನುತ್ತಾರೆ. ಬೇಡಿದ್ದು ಬಾಗಿಲಲ್ಲಿ ನಿಂತು ತಟ್ಟುತ್ತಲೇ ಇದೆ! ದೇವರನ್ನು ಬೇಡುವ, ಕೊಟ್ಟರೆ ನಂಬಲಾರದ ಈ ಜನರನ್ನು ಪ್ರೀತಿಸದೆ ಅವರ ಮೇಲೆ ನಗೆಗವನ ಬರೆಯಬಾರದು. ಪ್ರೀತಿ ಇಲ್ಲದಿದ್ದರೆ ಅದು ಕುಹಕವಾಗುತ್ತದೆ.

ಅದೇ ಗ್ರಂಥದ 20ನೆಯ ಅಧ್ಯಾಯದಲ್ಲಿ ಬರುವ ಯೂತಿಕನ ಮೇಲೆ ನಾಲ್ಕು ಸಾಲಿನ ಚೌಪದಿ ಬರೆದ ಬಗೆ ಹೇಳುತ್ತೇನೆ. ಅಪೊಸ್ತಲ ಪೌಲ ಮಧ್ಯರಾತ್ರಿಯವರೆಗೆ ಬೋಧಿಸುತ್ತಿದ್ದಾಗ ಈ ಯುವಕ ಕಿಟಕಿಯಲ್ಲಿ ಕೂತು ತೂಕಡಿಸಿ ಮೂರನೆಯ ಅಂತಸ್ತಿನಿಂದ ಬಿದ್ದು ಸತ್ತ, ಮತ್ತೆ ಜೀವ ಪಡೆದ. ಅದಾದ ಮೇಲೆ ಪೌಲ ಮಾಡಿದ್ದೇನು? ರೊಟ್ಟಿ ಮುರಿದು ತಿಂದು, ಬೆಳಗಾಗುವ ತನಕ ಮಾತು ಮುಂದುವರಿಸಿದ. ನಗು ಅಡಗಿರುವುದು ಬೀಳುವುದರಲ್ಲಿ ಅಲ್ಲ, ಈ ಮುಂದುವರಿಕೆಯಲ್ಲಿ. ಆದ್ದರಿಂದ ಕೊನೆಯ ಸಾಲನ್ನು ಮೊದಲು ಬರೆದು, ಉಳಿದದ್ದನ್ನು ಅದರ ಕಡೆಗೆ ನಡೆಸಿದೆ:

ನಿದ್ದೆಯ ತಡೆಯದೆ ಯೂತಿಕ ತೂಗುತ
ಬಿದ್ದನು ಕಿಟಕಿಯ ದಾಟುತ ಕೆಳಗೆ;
ಎದ್ದವನೆದುರಿಗೆ ಪೌಲನದಿನ್ನೂ
ಉದ್ದದ ಬೋಧನೆ ಬೆಳಗಿನವರೆಗೆ!

ನಾಲ್ಕು ಮಾತ್ರೆಯ ಗಣಗಳು, ಆದಿಪ್ರಾಸದಲ್ಲಿ ‘ದ್ದ’. ನಗೆಗವನಕ್ಕೆ ಛಂದಸ್ಸು ಬಿಗಿಯಾಗಿರಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ನಡೆ ಎಡವಿದರೆ ಓದುಗನ ಗಮನ ಅಲ್ಲಿಗೆ ಹೋಗುತ್ತದೆ, ನಗು ತಪ್ಪಿಹೋಗುತ್ತದೆ. ಯುವಕ ಸತ್ತದ್ದನ್ನು ಪದ್ಯದಲ್ಲಿ ಹೇಳಿಲ್ಲ. ‘ಎದ್ದವನು’ ಎಂಬಲ್ಲಿ ಕಥೆ ಬಲ್ಲವರಿಗೆ ಪವಾಡ ಸಿಗುತ್ತದೆ.

ಯೇಸುವಿನ ಮಾತುಗಳನ್ನು ಮುಟ್ಟುವಾಗ ಬೇರೆ ಎಚ್ಚರ ಬೇಕು. ಸೂಜಿಯ ಕಣ್ಣಿನಲ್ಲಿ ಒಂಟೆ, ಕಣ್ಣಿನಲ್ಲಿ ತೊಲೆ, ಸೊಳ್ಳೆಯನ್ನು ಸೋಸಿ ಒಂಟೆಯನ್ನು ನುಂಗುವವರು: ಅತಿಶಯೋಕ್ತಿ ಅಲ್ಲೇ ತುಂಬಿದೆ, ಇನ್ನೂ ಹಿಗ್ಗಿಸಿದರೆ ಹರಿಯುತ್ತದೆ. ಸೂಜಿಕಣ್ಣು ಎಂದರೆ ಯೆರೂಸಲೇಮಿನ ಒಂದು ಕಿರುಬಾಗಿಲು ಎಂದು ವಿವರಿಸುವವರಿದ್ದಾರೆ. ಆ ಕಾಲದಲ್ಲಿ ಅಂಥ ಬಾಗಿಲಿತ್ತು ಎನ್ನಲು ಆಧಾರವಿಲ್ಲ. ಆ ವಿವರಣೆ ಮಾತಿನ ನಗೆಯನ್ನೂ ಕೊಲ್ಲುತ್ತದೆ, ಮೊನೆಯನ್ನೂ ಮುರಿಯುತ್ತದೆ. ಒಂಟೆಯನ್ನು ನಾನು ಒಂಟೆಯಾಗಿಯೇ ಬಿಡುತ್ತೇನೆ.

ಶಿಲುಬೆಯ ಮೇಲೆ ನಗೆಗವನ ಬರೆಯುವುದಿಲ್ಲ. ಪುನರುತ್ಥಾನದ ಮಾತು ಬೇರೆ. ಜರ್ಮನಿಯ ಬವೇರಿಯಾದಲ್ಲಿ 15, 16ನೆಯ ಶತಮಾನಗಳಲ್ಲಿ ಈಸ್ಟರ್ ದಿನ ಬೋಧಕರು ಪ್ರಸಂಗಪೀಠದಿಂದಲೇ ಸಭೆಯನ್ನು ನಗಿಸುತ್ತಿದ್ದರು. ಕೆಲವರ ಹಾಸ್ಯ ಒರಟಾಯಿತು, ಚರ್ಚಿನ ಸುಧಾರಕರು ಟೀಕಿಸಿದರು, ಆ ಟೀಕೆ ಸರಿಯೇ. ಆದರೂ ಸಾವು ಸೋತ ದಿನ ನಗಬೇಕು ಎನ್ನಿಸಿದ್ದು ಸಹಜ.

ಈಗ ಮೀನು ನುಂಗಿದ ಪ್ರವಾದಿ ಯೋನನ ಕವನ ಮುಗಿಸಿದ್ದೇನೆ. ಮೀನನ್ನು ಒಂದೇ ಸಾಲಿನಲ್ಲಿ ದಾಟಿಸಿ, ತನಗೆ ನೆರಳಾಗಿದ್ದ ಗಿಡ ಬಾಡಿತೆಂದು ಸಾಯಲು ಹೊರಟ ಪ್ರವಾದಿಯ ಸಿಟ್ಟಿಗೆ ಜಾಗ ಕೊಟ್ಟಿದ್ದೇನೆ. ಯೋನನ ಗ್ರಂಥ ಮುಗಿಯುವುದು ದೇವರು ಅವನಿಗೆ ಕೇಳುವ ಪ್ರಶ್ನೆಯಲ್ಲಿ: ನಿನೆವೆ ಪಟ್ಟಣದ 1,20,000ಕ್ಕೂ ಹೆಚ್ಚು ಜನರಿಗೆ ನಾನು ಮರುಗಬಾರದೇ, ಜೊತೆಗೆ ಅಷ್ಟೊಂದು ದನಕರುಗಳೂ ಇವೆಯಲ್ಲ? ನನ್ನ ಕವನವೂ ಅಲ್ಲಿಯೇ ನಿಲ್ಲುತ್ತದೆ. ಯೋನನ ಬಾಯಿಗೆ ಉತ್ತರ ತುರುಕಲು ನನಗೆ ಮನಸ್ಸಾಗಲಿಲ್ಲ.